ಪಕ್ಕದ ಸೀಟು

ಗಾಡಿಗೆ ಸಿಕ್ಕಿಸಿದ ಚಾರ್ಜರಿನ ದಪ್ಪ ಕೇಬಲ್ಲಿನ ಮೇಲೆ ಕೈಯಿಟ್ಟುಕೊಂಡು ಸ್ವೆರ್ರೆ ನಿಂತಿದ್ದ. ಕೀಳಬೇಕೆ, ಇನ್ನೂ ಸ್ವಲ್ಪ ಹೊತ್ತು ಬಿಡಬೇಕೆ ಎನ್ನುವುದು ತೀರ್ಮಾನವಾಗಿರಲಿಲ್ಲ. ಹಿಂದೆ ಸರತಿಯಲ್ಲಿದ್ದ ಗಾಡಿಯ ಹೆಂಗಸು ಗಾಜಿನೊಳಗಿಂದ ಅವನನ್ನೇ ನೋಡುತ್ತಿದ್ದಳು. ಉತ್ತರ ಧ್ರುವದ ಸೀಮೆಯ ಆಲ್ತಾ ಪಟ್ಟಣದಲ್ಲಿ ಒಂದು ವಾರದಿಂದ ಇದೇ ಚಳಿ. ಕೇಬಲ್ಲು ಒಣಕೊಂಬೆಯ ಹಾಗೆ ಸೆಟೆದುಕೊಂಡಿತ್ತು, ಉಸಿರೆಳೆದರೆ ಮೂಗಿನ ಕೂದಲು ಒಂದಕ್ಕೊಂದು ಅಂಟುತ್ತಿತ್ತು. ಬ್ಯಾಟರಿಯೋ, ಕಾಯಿಲೆಯವರು ಗಂಜಿ ಕುಡಿಯುವ ಹಾಗೆ, ಗುಟುಕು ಗುಟುಕಾಗಿ ವಿದ್ಯುತ್ತನ್ನು ತೆಗೆದುಕೊಳ್ಳುತ್ತಿತ್ತು. ಮಧ್ಯಾಹ್ನಕ್ಕೆ ತುಂಬುತ್ತದೆ, ಆಸ್ಪತ್ರೆಯಲ್ಲಿ ಅಣ್ಣ ಟೋರಾಲ್ಫನ ಕಣ್ಣಿನ ಚಿಕಿತ್ಸೆ ಮುಗಿಯುವುದೂ ಮಧ್ಯಾಹ್ನಕ್ಕೇ ಎಂದು ಬೆಳಿಗ್ಗೆ ಲೆಕ್ಕ ಹಾಕಿದ್ದ. ಆದರೆ ಅಣ್ಣ ಆಗಲೇ ಫೋನು ಮಾಡಿದ್ದ. "ಮುಗೀತು. ಬಾ." ಅಷ್ಟೇ. ಇಷ್ಟು ಬೇಗ ಯಾಕೆ ಮುಗಿಯಿತು ಎಂದು ಕೇಳಬಹುದಾಗಿತ್ತು. ಕಣ್ಣಿಗೆ ಸೂಜಿ ಚುಚ್ಚುವುದೆಂದರೆ ಮೊದಲು ಹನಿ ಬಿಡುತ್ತಾರೆ, ಕಾಯಿಸುತ್ತಾರೆ, ಚುಚ್ಚಿದ ಮೇಲೂ ಕೂರಿಸಿಕೊಳ್ಳುತ್ತಾರೆ ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆಗ ಹೊಳೆಯಲಿಲ್ಲ. ಆಗ ಅವನ ತಲೆಯಲ್ಲಿದ್ದದ್ದು ಪರದೆಯ ಮೇಲಿನ ಅಂಕಿ ಒಂದೇ. ಅದು ಅರ್ಧ ದಾಟಿ ಸ್ವಲ್ಪ ಮುಂದೆ ಹೋಗಿತ್ತು. ಬೇಸಿಗೆಯಾಗಿದ್ದರೆ ಅಷ್ಟರಲ್ಲಿ ಮನೆಗೆ ಹೋಗಿ ಇನ್ನೂ ಮಿಗುತ್ತಿತ್ತು. ಹೆಂಗಸು ದೀಪ ಮಿಟುಕಿಸಿದಳು. ಅವನು ಕೇಬಲ್ಲು ಕಿತ್ತ.

ಟೋರಾಲ್ಫ್ ಆಸ್ಪತ್ರೆಯ ಒಳಗೆ ಕೂತಿರಲಿಲ್ಲ, ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ದೋಣಿಯ ಮೇಲೆ ಹಾಕಿಕೊಳ್ಳುವ ಹಳೆಯ ನೀಲಿ ಜಾಕೀಟು, ಕಿವಿ ಮುಚ್ಚದ ಟೊಪ್ಪಿ, ಕೈಯಲ್ಲಿ ಒಂದು ಕಾಗದದ ಚೀಲ. ಸ್ವೆರ್ರೆ ಗಾಡಿಯನ್ನು ಅವನ ಮುಂದೆಯೇ ತಂದು ನಿಲ್ಲಿಸಿದರೂ ಅವನು ಅಲ್ಲಾಡಲಿಲ್ಲ. ಆಮೇಲೆ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಕೊನೆಯಿಂದ ಗಾಡಿಯ ಕಡೆ ನೋಡಿದ. ಈ ಓರೆನೋಟ ಸ್ವೆರ್ರೆಗೆ ಹೊಸದಲ್ಲ. ಒಂದು ವರ್ಷದಿಂದ ಟೋರಾಲ್ಫ್ ಅವನನ್ನು ನೇರವಾಗಿ ನೋಡಿ ಮಾತಾಡಿದ್ದೇ ಇಲ್ಲ. ಹೋದ ವರ್ಷ ಊರಿನಲ್ಲಿ ಮೊದಲು ಎಲೆಕ್ಟ್ರಿಕ್ ಗಾಡಿ ಕೊಂಡವನು ಸ್ವೆರ್ರೆ. ಜಿಲ್ಲಾ ಪತ್ರಿಕೆಯಲ್ಲಿ ಅದರ ಬಗ್ಗೆ ಲೇಖನ ಬೇರೆ ಬರೆದಿದ್ದ. ಆಮೇಲೆ ಅವರ ಊರು ಕೊಕೆಲ್ವ್‌ನ ದೋಣಿಧಕ್ಕೆಯ ಮೇಲೆ ಬಲೆ ಬಿಡಿಸುತ್ತ ಕೂತ ಗಂಡಸರೆಲ್ಲ ಅವನನ್ನು ಕಂಡರೆ ನಗು ನುಂಗಿ ಕೆಮ್ಮುವುದಕ್ಕೆ ಶುರು ಮಾಡಿದ್ದರು. ಗಾಡಿಗೆ ಹೊಲಿಗೆ ಮಿಷನ್ನು ಎಂದು ಹೆಸರಿಟ್ಟವನು ಟೋರಾಲ್ಫೇ. ಅಂಥವನು ಹೋದ ವಾರ ತಾನಾಗಿ ಫೋನು ಮಾಡಿ, "ಈ ಸಲ ಆಸ್ಪತ್ರೆಗೆ ನೀನೇ ಕರಕೊಂಡು ಹೋಗ್ತೀಯೇನೋ? ರೋಗಿಗಳ ಟ್ಯಾಕ್ಸಿ ಬೇಡ ನಂಗೆ" ಎಂದಾಗ ಸ್ವೆರ್ರೆಗೆ ಗೆದ್ದ ಹಾಗೆ ಆಗಿತ್ತು. ಹೆಂಡತಿ ಬೋದಿಲ್‌ಗೆ ಹೇಳಿದ್ದ: ಕೊನೆಗೂ ಮುದುಕನಿಗೆ ಗಾಡಿಯಲ್ಲಿ ಕೂರುವ ಆಸೆಯಾಯಿತು, ನೋಡು. ಬೋದಿಲ್ ಅನುಮಾನದಿಂದ, ಗಾಡಿಗೋಸ್ಕರ ಕೇಳಿರ್ತಾನಾ ಅವನು, ಎಂದಿದ್ದಳು. ಅವಳ ಮಾತನ್ನು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಹತ್ತಿಕೋ, ಬೆಚ್ಚಗಿದೆ," ಎಂದ ಸ್ವೆರ್ರೆ.

ಟೋರಾಲ್ಫ್ ಬಾಗಿಲ ಹಿಡಿಕೆಯನ್ನು ಹುಡುಕಲು ಸ್ವಲ್ಪ ತಡಕಾಡಿದ. ಈ ಗಾಡಿಯ ಹಿಡಿಕೆ ಮೈಯೊಳಗೇ ಹುದುಗಿರುತ್ತದೆ, ಹೊಸಬರೆಲ್ಲ ತಡಕಾಡುವುದೇ. "ಒತ್ತು, ಒತ್ತಿದ್ರೆ ಬರತ್ತೆ," ಎಂದು ಒಳಗಿನಿಂದ ಹೇಳಿಕೊಟ್ಟ. ಹೇಳಿಕೊಡುವುದರಲ್ಲಿ ಅವನಿಗೆ ಸುಖವಿತ್ತು. ಜೀವಮಾನವೆಲ್ಲ ಮಕ್ಕಳಿಗೆ ಭೂಗೋಳ ಹೇಳಿದವನು.

"ಸೂರ್ಯನ ಬನ್ನು ತಗೊಂಡೆ," ಎಂದ ಟೋರಾಲ್ಫ್ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. "ಕೆಳಗಡೆ ಕ್ಯಾಂಟೀನಲ್ಲಿ ಮಾರ್ತಿದ್ರು. ಮೊನ್ನೆ ಇಲ್ಲಿ ಕಾಣಿಸ್ಕೊಂಡನಂತಲ್ಲ."

ಎರಡು ತಿಂಗಳು ದಿಗಂತದ ಕೆಳಗಿದ್ದ ಸೂರ್ಯ ಮತ್ತೆ ಬಂದಿದ್ದ; ಆ ಖುಷಿಗೆ ಬನ್ನು ತಿನ್ನುವುದು ಆ ಕಡೆಯ ವಾಡಿಕೆ. ಆಲ್ತಾದವರಿಗೆ ಬಂದಿದ್ದ, ಅಷ್ಟೇ. ಕೊಕೆಲ್ವ್‌ಗೆ ಬೆಟ್ಟ ಅಡ್ಡ; ಅಲ್ಲಿ ಅವನು ಮುಖ ತೋರಿಸುವುದು ಫೆಬ್ರವರಿ ಹಳತಾದ ಮೇಲೆ.

ಪಟ್ಟಣ ದಾಟುವವರೆಗೆ ಎಲ್ಲ ಸರಿಯಾಗಿತ್ತು. ಟೋರಾಲ್ಫ್ ಸೀಟಿನ ಬಿಸಿಯನ್ನು ಹೊಗಳಿದ, ಅದೂ ಅವನದೇ ರೀತಿಯಲ್ಲಿ. "ಕುಂಡಿಗೆ ಒಳ್ಳೆ ಸೌಕರ್ಯ ಮಾಡಿದ್ದಾರೆ ಕಣೋ. ಎಷ್ಟು ದೂರ ಹೋಗತ್ತೆ ಇದು?" "ಮನೆ ತನಕ. ಬೇಕಾದ್ರೆ ಅಲ್ಲಿಂದ ವಾಪಸ್ ಅರ್ಧ ದಾರಿ," ಎಂದ ಸ್ವೆರ್ರೆ, ಮತ್ತು ಹಾಗೆನ್ನುವಾಗಲೇ ಪರದೆಯ ಮೇಲಿನ ಅಂಕಿ ಒಂದು ಮೆಟ್ಟಿಲು ಇಳಿಯಿತು. ಬೆಟ್ಟಗಳ ನಡುವೆ ಒಳನುಗ್ಗಿದ ಫ್ಯೋರ್ಡಿನ ಕಡಲ ಮೇಲೆ ಹಬೆ ಏಳುತ್ತಿತ್ತು. ಟೋರಾಲ್ಫ್ ಗಂಟಲು ಸರಿಮಾಡಿಕೊಂಡ. "ಇವತ್ತು ದೊಡ್ಡ ಡಾಕ್ಟರೇ ಬಂದಿದ್ಲು. ಹೊಸಬಳು. ಕುರ್ಚಿ ಎಳ್ಕೊಂಡು ಬಂದು ನನ್ನ ಪಕ್ಕದಲ್ಲೇ ಕೂತ್ಕೊಂಡ್ಲು ಕಣೋ." "ಹೂಂ," ಎಂದ ಸ್ವೆರ್ರೆ. ಅಂಕಿ ಮತ್ತೆ ಇಳಿದಿತ್ತು. ಇಷ್ಟು ಬೇಗ ಇಳಿಯಬಾರದು. ಎದುರುಗಾಳಿಯೇ ಕಾರಣವಿರಬೇಕು. "ಡಾಕ್ಟರು ಹಂಗೆ ಕುರ್ಚಿ ಎಳ್ಕೊಂಡು ಕೂತ್ರೆ—" "ಒಂದ್ನಿಮಿಷ, ಟೋರಾಲ್ಫ್, ಒಂದ್ನಿಮಿಷ," ಎಂದು ಸ್ವೆರ್ರೆ ಪರದೆಯನ್ನು ಒತ್ತುತ್ತ, ಹೀಟರನ್ನು ಒಂದು ಹಂತ ಕಡಿಮೆ ಮಾಡಿದ, ಗಾಳಿಯನ್ನು ಮುಂದಿನ ಗಾಜಿಗೆ ಮಾತ್ರ ತಿರುಗಿಸಿದ, ಮಾಡಿದ್ದು ಅಣ್ಣನಿಗೆ ಗೊತ್ತಾಗಬಾರದೆಂದು ರೇಡಿಯೋ ಹಾಕಿದ. ಸೆನ್ನಲಂದ್ ಬಯಲಿನ ಮೇಲೆ ಗಾಳಿ ಜೋರಾಗುತ್ತಿದೆ, ರಸ್ತೆ ಮುಚ್ಚುವ ಗೇಟು ಯಾವಾಗ ಬೇಕಾದರೂ ಬೀಳಬಹುದು ಎಂದಿತು ರೇಡಿಯೋ. ಬಯಲು ದಾಟದೆ ಮನೆಯಿಲ್ಲ. ಗೇಟು ಬಿದ್ದರೆ ಹಿಮ ಸರಿಸುವ ನೇಗಿಲುಗಾಡಿಯ ಹಿಂದೆ ಸಾಲಾಗಿ ಹೋಗುವುದಕ್ಕೆ ಕಾಯಬೇಕು. ಕಾಯುವುದೆಂದರೆ ಚಾರ್ಜು ಸುಮ್ಮನೆ ಕರಗುವುದು. ಸ್ವೆರ್ರೆ ಮುಂದೆ ಬಾಗಿ ಓಡಿಸತೊಡಗಿದ. ಅಣ್ಣ ಏನೋ ಹೇಳುತ್ತಿದ್ದವನು ನಿಲ್ಲಿಸಿದ್ದಾನೆ ಎಂಬುದು ಬಹಳ ದೂರ ಹೋದ ಮೇಲೆ ನೆನಪಾಯಿತು. ಆಮೇಲೆ ಕೇಳೋಣ ಅಂದುಕೊಂಡ.

ರಾಫ್ಸ್‌ಬೊಟ್ನ್ ದಾಟಿ ರಸ್ತೆ ಏರತೊಡಗುವ ಕಡೆ, ಗಾಡಿ ನಿಲ್ಲಿಸಿಕೊಳ್ಳಲು ಅಂಚಿನಲ್ಲಿ ಸ್ವಲ್ಪ ಜಾಗ ಮಾಡಿದ್ದಾರೆ. ಅಲ್ಲಿಂದ ತೆಂಕಣಕ್ಕೆ ಫ್ಯೋರ್ಡು ಇಡೀ ಕಾಣುತ್ತದೆ. ಆ ಹೊತ್ತಿಗೆ ಆ ಕಡೆಯ ಆಕಾಶ ಕುಲುಮೆಯ ಬಾಯಿಯಂತೆ ಕೆಂಪಗಾಗಿತ್ತು. ಇನ್ನೇನು ಸೂರ್ಯ ಬೆಟ್ಟದ ಹಲ್ಲಿನ ನಡುವೆ ಮೇಲೆ ಬರುತ್ತಾನೆ, ಬಂದು ಸ್ವಲ್ಪ ಹೊತ್ತು ಅಂಚಿನ ಮೇಲೆ ಉರುಳಿ ಮತ್ತೆ ಇಳಿಯುತ್ತಾನೆ.

"ಇಲ್ಲಿ ನಿಲ್ಲಿಸ್ತೀಯೇನೋ ಸ್ವಲ್ಪ," ಎಂದ ಟೋರಾಲ್ಫ್.

"ಯಾಕೆ? ಒಂದಕ್ಕೆ ಬಂತಾ?"

"ಅಲ್ಲ. ಅವನು ಬರ್ತಾನಲ್ಲ. ನೋಡೋಣ. ಬನ್ನು ತಿನ್ನೋಣ."

"ಗೇಟು ಬಿದ್ದುಬಿಡತ್ತೆ, ಟೋರಾಲ್ಫ್. ನಿಂತ್ರೆ ಬ್ಯಾಟರಿ ತಣ್ಣಗಾಗತ್ತೆ, ಮತ್ತೆ ಬಿಸಿಯಾಗಕ್ಕೆ ಅದೇ ಎಷ್ಟೋ ತಿನ್ನತ್ತೆ. ಊರಲ್ಲೂ ಬರ್ತಾನೆ ಬಿಡು, ಇನ್ನೊಂದು ಮೂರು ವಾರ. ಎಲ್ಲಿಗೆ ಓಡಿ ಹೋಗ್ತಾನೆ ಸೂರ್ಯ?"

ಬ್ಯಾಟರಿ ತಣ್ಣಗಾಗುವುದನ್ನು ಅವನು ಇನ್ನೂ ಸ್ವಲ್ಪ ವಿವರಿಸಿದ. ಟೋರಾಲ್ಫ್ ಎರಡನೇ ಸಲ ಕೇಳಲಿಲ್ಲ. ಮುಖವನ್ನು ಆ ಕೆಂಪಿಗೆ ವಿರುದ್ಧ ದಿಕ್ಕಿಗೆ, ಅಂದರೆ ಸ್ವೆರ್ರೆಯ ಕಡೆಗೆ ತಿರುಗಿಸಿಕೊಂಡು ಕೂತ. ಸ್ವೆರ್ರೆಗೆ ಅದು ತನ್ನ ಮಾತನ್ನು ಕೇಳಿಸಿಕೊಳ್ಳುವ ರೀತಿಯಾಗಿ ಕಂಡಿತು. ಕಣ್ಣು ಮಾತ್ರ ಕಿಟಕಿಯ ಅಂಚಿಗೆ ಜಾರಿತ್ತು. ಆ ಕಿಟಕಿಗೆ ಬಿಸಿಗಾಳಿ ನಿಂತು ಹೋಗಿದ್ದರಿಂದ ಅದಾಗಲೇ ಒಳಗಿನಿಂದ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಟೋರಾಲ್ಫ್ ಉಗುರಿನಿಂದ ಅದರಲ್ಲಿ ಒಂದು ನಾಣ್ಯದಷ್ಟು ಜಾಗ ಕೆರೆದ. ಗಾಜು ಕಿರ್ರೆಂದಿತು.

"ಕೆರೀಬೇಡ ಮಾರಾಯ, ಗೀರು ಬೀಳತ್ತೆ," ಎಂದ ಸ್ವೆರ್ರೆ.

ಟೋರಾಲ್ಫ್ ಕೈಯನ್ನು ಚೀಲದ ಮೇಲೆ ಇಟ್ಟುಕೊಂಡ.

ಅವರು ಗೇಟಿಗೆ ತಲುಪುವುದಕ್ಕೂ ಗೇಟು ಇಳಿಯುವುದಕ್ಕೂ ಸರಿಹೋಯಿತು. ಕೆಂಪು ದೀಪ ಮಿನುಗುತ್ತಿತ್ತು, ಕೋಲು ಅಡ್ಡ ಬಂದಿತ್ತು, ಗೇಟು ಕಾಯುವ ಹಳದಿ ಅಂಗಿಯವನು ಕೈ ಮೇಲೆತ್ತಿ ನಿಲ್ಲಿಸಿದ. ಮೇಲೆ ಬಯಲಿನಲ್ಲಿ ಏನೂ ಕಾಣುತ್ತಿಲ್ಲ, ನೇಗಿಲು ಆಚೆಯಿಂದ ಗಾಡಿಗಳನ್ನು ಕರೆತಂದ ಮೇಲೆ ನಿಮ್ಮ ಸರದಿ, ಎಂದ. ಯಾವಾಗ ಎಂದರೆ ಹೆಗಲು ಕುಣಿಸಿದ. ಗೇಟಿರುವುದು ಒಂದು ತಗ್ಗಿನಲ್ಲಿ. ಸುತ್ತ ಕುಳ್ಳ ಬರ್ಚ್ ಮರಗಳು, ಹಿಮದ ದಿಬ್ಬ, ಎದುರಿಗೆ ಒಂದು ಮೀನಿನ ಲಾರಿಯ ಹಿಂಭಾಗ. ನಿಲ್ಲಿಸುವುದಿಲ್ಲ ಎಂದು ಉಳಿಸಿದ ಹೊತ್ತನ್ನೆಲ್ಲ ಅವರು ಅಲ್ಲಿ ಕೂತು ಕಳೆದರು. ತಗ್ಗಿನ ಅಂಚಿನ ಮೇಲೆ ಆಕಾಶ ಮೊದಲು ಚಿನ್ನದ ಬಣ್ಣವಾಯಿತು, ಆಮೇಲೆ ಗುಲಾಬಿ, ಆಮೇಲೆ ನೀಲಿ. ಅದರ ಕೆಳಗೆ ಎಲ್ಲೋ ಸೂರ್ಯ ಬಂದು ಹೋದ. ಸ್ವೆರ್ರೆ ಅದನ್ನು ಕಂಡು ಪರದೆಯ ಅಂಕಿಯ ಕಡೆ ತಿರುಗಿದ. ಸೂರ್ಯನ ಮಾತೆತ್ತಿದರೆ ತಪ್ಪೊಪ್ಪಿಕೊಂಡ ಹಾಗಾಗುತ್ತಿತ್ತು.

ಹೀಟರನ್ನು ಅವನು ಪೂರ್ತಿ ಆರಿಸಿಬಿಟ್ಟಿದ್ದ. ಸೀಟಿನ ಬಿಸಿ ಸಾಕು ಎಂದು ಸಮಾಧಾನ ಹೇಳಿಕೊಂಡ. ಉಸಿರು ಹೊಗೆಯಾಗಿ ಬರತೊಡಗಿತು, ಒಳಗಿನ ಗಾಜುಗಳೆಲ್ಲ ಬೆಳ್ಳಗಾದವು, ಗಾಡಿ ಒಂದು ಹಿಮದ ಡಬ್ಬಿಯಾಯಿತು. ಟೋರಾಲ್ಫ್ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಸ್ವಲ್ಪ ಮುಂದೆ ಬಾಗಿ ಕೂತಿದ್ದ. ಚಳಿ ಎನ್ನಲಿಲ್ಲ. ಅವನು ಯಾವತ್ತೂ ಅಂದವನಲ್ಲ. ಸ್ವೆರ್ರೆ ಶಿಕ್ಷಕರ ಕಾಲೇಜಿನಲ್ಲಿದ್ದಾಗ ಈಸ್ಟರ್ ರಜೆಗೆ ಬಂದು, ನಾನೂ ಮೀನಿಗೆ ಬರ್ತೀನಿ ಎಂದು ಅಣ್ಣನ ದೋಣಿ ಹತ್ತಿದ್ದ; ಪಟ್ಟಣದ ಗೆಳೆಯರಿಗೆ ಹೇಳಿಕೊಳ್ಳಲು ಒಂದು ಕತೆ ಬೇಕಿತ್ತು. ಭೂಶಿರ ದಾಟಿದ್ದೇ ತಡ ವಾಂತಿ ಶುರುವಾಯಿತು. ಹೊಟ್ಟೆಯಲ್ಲಿ ಏನೂ ಇಲ್ಲದೆ ಹೋದ ಮೇಲೂ ನಿಲ್ಲಲಿಲ್ಲ. ದೋಣಿಯ ತಳದಲ್ಲಿ ಮಲಗಿ ಅಳುತ್ತಿದ್ದವನನ್ನು ಟೋರಾಲ್ಫ್ ಒಂದು ಸಲ ನೋಡಿದ. ದಡದ ಕಡೆ ಚುಕ್ಕಾಣಿ ತಿರುಗಿಸಿದ. ಕಾಡ್ ಎನ್ನುವ ಮೀನು ಕಡಲಲ್ಲಿ ಕುದಿಯುವಂತೆ ತುಂಬಿದ್ದ ದಿನ ಅದು, ಉಳಿದ ದೋಣಿಗಳೆಲ್ಲ ಮುಳುಗುವಷ್ಟು ತುಂಬಿಕೊಂಡು ಬಂದವು. ಧಕ್ಕೆಯ ಮೇಲೆ ಯಾರೋ, ಏನೋ, ಬರಿಗೈಯಲ್ಲಿ ಬಂದೆಯಲ್ಲ, ಎಂದು ಛೇಡಿಸಿದಾಗ ಟೋರಾಲ್ಫ್ ಎಂಜಿನ್ನಿನ ಮುಚ್ಚಳದ ಮೇಲೆ ಗುದ್ದಿ, ಈ ದರಿದ್ರದ್ದು ಕೆಟ್ಟುಹೋಯ್ತು, ಎಂದ. ಎಂಜಿನ್ನು ಸರಿಯಾಗಿಯೇ ಇತ್ತು. ಆ ವಿಷಯ ಅವರಿಬ್ಬರ ನಡುವೆ ಮತ್ತೆಂದೂ ಬಂದಿರಲಿಲ್ಲ. ಈಗ ಸ್ವೆರ್ರೆಗೆ ಅದು ಯಾಕೆ ನೆನಪಾಯಿತೋ, ನೆನಪಾಗಿ ಅಣ್ಣನ ಮೇಲೆ ಸಣ್ಣ ಸಿಟ್ಟು ಬಂದಿತು. ಕೇಳಬಾರದೇ, ಹೀಟರ್ ಹಾಕೋ ಎಂದು. ಕೇಳಿದರೆ ಹಾಕುತ್ತಿದ್ದೆ.

ಹಳದಿ ಅಂಗಿಯವನು ಸಾಲಿನ ಗಾಡಿಗಳನ್ನು ಒಂದೊಂದಾಗಿ ನೋಡುತ್ತ ಬಂದ. ಗಾಜು ತಟ್ಟಿದ. ಸ್ವೆರ್ರೆ ಗಾಜು ಇಳಿಸಲು ಹೋದರೆ ಅದು ಹೆಪ್ಪುಗಟ್ಟಿ ಇಳಿಯಲೇ ಇಲ್ಲ, ಬಾಗಿಲನ್ನೇ ತೆಗೆಯಬೇಕಾಯಿತು.

"ಎಲೆಕ್ಟ್ರಿಕ್ಕಾ? ಎಷ್ಟಿದೆ ಚಾರ್ಜು?"

"ಸಾಕಷ್ಟಿದೆ."

"ಸಾಕಷ್ಟು ಅಂದ್ರೆ ಎಷ್ಟು?" ಗೇಟಿನವನು ತಲೆ ಒಳಗೆ ಹಾಕಿ ಪರದೆಯನ್ನೇ ನೋಡಿದ. ಆಮೇಲೆ ಬೆಳ್ಳಗಾದ ಗಾಜುಗಳನ್ನು, ಮುಂದೆ ಬಾಗಿ ಕೂತ ಮುದುಕನನ್ನು. "ಇಷ್ಟರಲ್ಲಿ ಹೀಟರ್ ಹಾಕಿದ್ರೆ ನೀನು ಬಯಲಾಚೆ ಸ್ಕೈದಿ ತಲುಪ್ತೀಯೋ ಇಲ್ವೋ ಹೇಳಕ್ಕಾಗಲ್ಲ. ಹಾಕದಿದ್ರೆ ಇವನು ತಲುಪಲ್ಲ. ಮಧ್ಯದಲ್ಲಿ ನಿಂತ್ರೆ ಹಿಂದಿನ ಎಲ್ಲ ಗಾಡಿನೂ ನಿಲ್ಲಬೇಕು ನಿನ್ನ ದೆಸೆಯಿಂದ. ಇವನನ್ನ ಮುಂದಿರೋ ಆ ಲಾರಿಗೆ ಹತ್ತಿಸು. ನಾನು ಹೇಳ್ತೀನಿ ಅದನ್ನ ಓಡಿಸೋಳಿಗೆ."

"ಮುಂಚೆ ಸಾಲಿನಲ್ಲಿ ಎಷ್ಟೋ ಸಲ ಹೋಗಿದ್ದೀನಿ ನಾನು," ಎಂದ ಸ್ವೆರ್ರೆ. ತರಗತಿಯಲ್ಲಿ ಬರುವ ಧ್ವನಿಯೇ ಬಂದಿತ್ತು.

"ಈ ಹುಡುಗನ್ನ ಸುಮ್ನೆ ಬಿಡಪ್ಪಾ," ಎಂದು ಟೋರಾಲ್ಫ್ ಗೇಟಿನವನಿಗೆ ಹೇಳಿದ. ಹಲ್ಲು ಕಟಕಟಿಸುತ್ತಿದ್ದರಿಂದ ಮಾತು ತುಂಡುತುಂಡಾಗಿ ಬಂತು. "ಲಾರಿ ಆದ್ರೆ ಒಳ್ಳೇದೇ. ಲಾರೀಲಿ ಕೂತು ಬಹಳ ಕಾಲ ಆಯ್ತು." ಮತ್ತು ಇಳಿದ. ಸ್ವೆರ್ರೆ ಸುತ್ತಿಕೊಂಡು ಬರುವಷ್ಟರಲ್ಲಿ ಗೇಟಿನವನೇ ಅವನ ತೋಳು ಹಿಡಿದುಕೊಂಡಿದ್ದ. ಲಾರಿಯ ಬಾಗಿಲು ತೆರೆಯಿತು. ಕುಳ್ಳಗೆ ಗಟ್ಟಿಯಾಗಿದ್ದ ಹೆಂಗಸೊಬ್ಬಳು, ಆ ಸೀಮೆಯ ಸಾಮಿ ಬುಡಕಟ್ಟಿನವರು ತೊಡುವ ಹೆಣೆದ ಪಟ್ಟಿಯನ್ನು ಕುತ್ತಿಗೆಗೆ ಸುತ್ತಿಕೊಂಡವಳು, ಕೆಳಗೆ ಬಾಗಿ ಕೈ ಚಾಚಿದಳು. "ಬಾ ಬಾ, ಕಾಫಿ ಇದೆ. ಬರೀ ಮೀನಿನ ಜೊತೆ ಮಾತಾಡ್ಕೊಂಡು ಬಂದಿದ್ದೀನಿ ಬೆಳಿಗ್ಗೆಯಿಂದ." ಟೋರಾಲ್ಫ್ ನಕ್ಕ. ಬಹಳ ದಿನದ ಮೇಲೆ ಕೇಳಿದ ನಗು. ಬನ್ನಿನ ಚೀಲ ಅವನ ಕೈಯಲ್ಲೇ ಹೋಯಿತು.

ನೇಗಿಲು ಬಂತು, ಸಾಲು ಹೊರಟಿತು. ಬಯಲಿನ ಮೇಲೆ ಏನೂ ಇರಲಿಲ್ಲ. ರಸ್ತೆ, ಆಕಾಶ, ಬದಿಯ ಕೋಲುಗಳು ಯಾವುದೂ ಬೇರೆ ಬೇರೆಯಾಗಿ ಉಳಿದಿರಲಿಲ್ಲ. ಲಾರಿಯ ಎರಡು ಕೆಂಪು ದೀಪಗಳು ಇದ್ದವು, ಅವು ಮಸುಕಾದರೆ ಸ್ವೆರ್ರೆ ಪೆಡಲು ಒತ್ತಿ ಹತ್ತಿರ ಹೋಗುತ್ತಿದ್ದ. ಮುಂದಿನ ಗಾಜಿನಲ್ಲಿ ಒಂದು ಅಂಗೈಯಷ್ಟು ತಿಳಿಯಾದ ಜಾಗ ಉಳಿಸಿಕೊಂಡು, ಕುತ್ತಿಗೆ ಚಾಚಿ ಓಡಿಸುತ್ತಿದ್ದ. ಕಾಲ್ಬೆರಳುಗಳು ತನ್ನವಲ್ಲ ಎನ್ನುವಂತಾಗಿದ್ದವು. ಪಕ್ಕದ ಸೀಟಿನ ಬಿಸಿಯನ್ನು ಆರಿಸಲು ಮರೆತಿದ್ದ; ಅದು ಖಾಲಿ ಜಾಗವನ್ನು ಬೆಚ್ಚಗಿಡುತ್ತಿತ್ತು. ಕೈ ಚಾಚಿ ಆರಿಸಬಹುದಿತ್ತು. ಆರಿಸಲಿಲ್ಲ. ಮೇಲೆ ಆ ಕ್ಯಾಬಿನ್ನಿನಲ್ಲಿ ಅವರಿಬ್ಬರೂ ತನ್ನ ಬಗ್ಗೆ ನಗುತ್ತಿರಬೇಕು. ಹೊಲಿಗೆ ಮಿಷನ್ನಿನ ಕತೆ ಹೇಳಿರುತ್ತಾನೆ, ಪತ್ರಿಕೆಯ ಲೇಖನದ ಕತೆ. ನಗಲಿ ಎನಿಸಿತು. ಮತ್ತೆ ಮರುಕ್ಷಣ, ಗೇಟಿನವನ ಮುಂದೆ ಅಣ್ಣ ತನ್ನನ್ನು ಹುಡುಗ ಎಂದದ್ದು ನೆನಪಾಗಿ ಕಿವಿ ಬಿಸಿಯಾಯಿತು, ಇಡೀ ಗಾಡಿಯಲ್ಲಿ ಬಿಸಿಯಾದದ್ದು ಅದೊಂದೇ. "ನಿಲ್ಲಿಸಬಹುದಿತ್ತು," ಎಂದು ಗಟ್ಟಿಯಾಗಿ ಹೇಳಿ ನೋಡಿದ. ಧ್ವನಿ ಯಾರದೋ ಎನ್ನುವಂತೆ ಕೇಳಿಸಿತು. "ಐದು ನಿಮಿಷ ನಿಲ್ಲಿಸಿದ್ರೆ ಗಂಟೇನು ಹೋಗ್ತಿತ್ತು."

ಬಯಲು ಮುಗಿದು ದಾರಿ ಇಳಿಯತೊಡಗಿದಾಗ ಗಾಳಿ ಹಿಂದೆ ಉಳಿಯಿತು. ಇಳಿಜಾರಿನಲ್ಲಿ ಗಾಡಿ ತನ್ನಷ್ಟಕ್ಕೆ ತಾನೇ ವಿದ್ಯುತ್ತು ತುಂಬಿಕೊಳ್ಳುತ್ತದೆ. ಅಂಕಿ ಇಳಿಯುವುದನ್ನು ನಿಲ್ಲಿಸಿತು, ಒಂದು ಮೆಟ್ಟಿಲು ಹತ್ತಿತು, ಮತ್ತೊಂದು. ಸ್ಕೈದಿಯ ದೀಪಗಳು ಕಂಡಾಗ ಅವನ ಬಳಿ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಮಿಕ್ಕಿತ್ತು. ದಾರಿಯುದ್ದಕ್ಕೂ ಹೀಟರ್ ಹಾಕಿದ್ದರೂ ಮಿಗುತ್ತಿತ್ತು. ನಿಂತು ಸೂರ್ಯನನ್ನು ನೋಡಿ ಬಂದಿದ್ದರೂ ಮಿಗುತ್ತಿತ್ತು. ಬೇರೆ ದಿನವಾಗಿದ್ದರೆ ಇದನ್ನು ಬೋದಿಲ್‌ಗೆ ಫೋನು ಮಾಡಿ ಹೇಳುತ್ತಿದ್ದ.

ಸ್ಕೈದಿಯ ಹೋಟೆಲಿನ ಮುಂದೆ ಲಾರಿ ನಿಂತಿತ್ತು. ಸ್ವೆರ್ರೆ ಚಾರ್ಜರಿಗೆ ಗಾಡಿ ಸಿಕ್ಕಿಸಿ ಬರುವಷ್ಟರಲ್ಲಿ ಟೋರಾಲ್ಫ್ ಒಳಗೆ ಬಚ್ಚಲಿಗೆ ಹೋಗಿದ್ದ. ಹೆಂಗಸು ಟೈರಿಗೆ ಮೆತ್ತಿದ ಹಿಮವನ್ನು ಬೂಟುಗಾಲಿನಿಂದ ಒದೆಯುತ್ತಿದ್ದಳು. ಹೆಸರು ರಾವ್ನಾ ಎಂದಳು.

"ಬೆಚ್ಚಗಾದ ನಿನ್ನಣ್ಣ. ಎರಡು ಲೋಟ ಕಾಫಿ ಕುಡಿದ. ಒಳ್ಳೆ ಮಾತುಗಾರ."

"ಮಾತುಗಾರನಾ? ಟೋರಾಲ್ಫಾ?"

"ಬಯಲು ದಾಟೋ ತನಕ ಬಾಯಿ ಮುಚ್ಚಲಿಲ್ಲ." ಅವಳು ಒದೆಯುವುದನ್ನು ನಿಲ್ಲಿಸಿದಳು. "ಮೊದಲು ನಾನು ಅಂದುಕೊಂಡೆ ಏನೋ ಸಿಟ್ಟಿನ ಆಸಾಮಿ ಅಂತ. ಮಾತಾಡುವಾಗ ಮುಖ ಅತ್ಲಾಗೆ ತಿರುಗಿಸ್ಕೋತಾನಲ್ಲ. ಆಮೇಲೆ ಅವನೇ ಹೇಳಿದ, ಹಂಗೆ ತಿರುಗಿಸಿದ್ರೇನೇ ನಿನ್ನ ಮುಖ ಸ್ವಲ್ಪ ಕಾಣೋದು, ನೇರ ನೋಡಿದ್ರೆ ಬೂದಿ ಮುದ್ದೆ ಅಂತ. ಪಾಪ. ಡಾಕ್ಟರು ಕುರ್ಚಿ ಎಳ್ಕೊಂಡು ಹತ್ತಿರ ಬಂದಾಗಲೇ ಗೊತ್ತಾಯ್ತಂತೆ ಅವನಿಗೆ. ಇನ್ನು ಸೂಜಿ ಬೇಡ, ಏನೂ ಪ್ರಯೋಜನ ಇಲ್ಲ ಅಂದ್ಲಂತೆ. ಮುಂದಿನ ವರ್ಷ ಸೂರ್ಯ ಬಂದಾಗ ಅದು ಸೂರ್ಯನೋ ಬೀದಿ ದೀಪವೋ ತಿಳಿಯಲ್ವಂತೆ. ನಿನಗೆ ಗೊತ್ತೇ ಇರತ್ತೆ ಬಿಡು."

"ಗೊತ್ತು," ಎಂದ ಸ್ವೆರ್ರೆ. "ಗೊತ್ತು, ಗೊತ್ತು."

"ದಾರೀಲಿ ನಿಲ್ಲಿಸ್ತೀನಿ, ಸೂರ್ಯನ್ನ ನೋಡು ಅಂತ ಎಷ್ಟೋ ಸಲ ಹೇಳಿದೆಯಂತಲ್ಲ ನೀನು. ಅವನೇ ಬೇಡ ಅಂದನಂತೆ, ಗೇಟು ಬಿದ್ದುಬಿಡತ್ತೆ ಅಂತ. ಈಗ ಅನ್ನಿಸ್ತಿದೆ ನಿಲ್ಲಬೇಕಿತ್ತು ಅಂತ, ಅಂದ." ಅವಳು ಕೈಗವಸಿನ ಹಿಂಭಾಗದಿಂದ ಮೂಗು ಒರೆಸಿಕೊಂಡಳು. "ನಂಗೆ ಒಂದು ಬನ್ನು ಕೊಟ್ಟ. ಬರ್ತೀನಿ, ಮೀನು ಕಾಯಲ್ಲ."

ಲಾರಿ ಹೋದ ಮೇಲೂ ಸ್ವೆರ್ರೆ ಅಲ್ಲೇ ನಿಂತಿದ್ದ. ಒಂದು ವರ್ಷ. ಊಟದ ಮೇಜಿನಲ್ಲಿ, ಧಕ್ಕೆಯಲ್ಲಿ, ಅಂಗಡಿಯ ಮುಂದೆ, ತನ್ನ ಕಡೆ ಓರೆಯಾಗಿ ತಿರುಗಿದ ಆ ಮುಖವನ್ನು ತಾತ್ಸಾರ ಎಂದೇ ಓದಿದ್ದ. ಓದಿ, ಅದಕ್ಕೆ ತಕ್ಕ ಉತ್ತರಗಳನ್ನು ಮನಸ್ಸಿನಲ್ಲೇ ಸಿದ್ಧಮಾಡಿಟ್ಟುಕೊಂಡಿದ್ದ, ಕೆಲವನ್ನು ಆಡಿಯೂ ಇದ್ದ. ಕ್ರಿಸ್‌ಮಸ್ಸಿನಲ್ಲಿ ಒಮ್ಮೆ, ಮುಖ ಕೊಟ್ಟು ಮಾತಾಡೋಕೆ ಕಲಿ, ಎಂದಿದ್ದ, ಎಲ್ಲರೆದುರಿಗೆ. ಟೋರಾಲ್ಫ್ ಆಗ ತಟ್ಟೆಯ ಕಡೆ ಬಾಗಿ, ಈಗ ಕಲಿಯೋ ವಯಸ್ಸೇನೋ ಮೇಷ್ಟ್ರೇ, ಎಂದಿದ್ದ. ಎಲ್ಲರೂ ನಕ್ಕಿದ್ದರು. ಬೋದಿಲ್ ಮಾತ್ರ ನಕ್ಕಿರಲಿಲ್ಲ.

ಟೋರಾಲ್ಫ್ ಹೊರಗೆ ಬಂದ. ಮೆಟ್ಟಿಲಿನ ಕಂಬಿಯನ್ನು ಹಿಡಿದುಕೊಂಡು, ಕಾಲಿನಿಂದ ಒಂದೊಂದು ಮೆಟ್ಟಿಲನ್ನೂ ಮುಟ್ಟಿ ನೋಡಿ ಇಳಿದ. ಇದು ಎಷ್ಟು ದಿನದಿಂದ ಹೀಗೆ? ಸ್ವೆರ್ರೆ ಓಡಿ ಹೋಗಿ ಕೈ ಹಿಡಿಯಬೇಕೆಂದುಕೊಂಡ. ಹಿಡಿದರೆ ಯಾಕೆ ಹಿಡಿದೆ ಎಂದು ಗೊತ್ತಾಗುತ್ತದೆ. ಗಾಡಿಯ ಬಾಗಿಲು ತೆಗೆದು ಹಿಡಿದುಕೊಂಡ, ಅಷ್ಟೇ.

ಒಳಗೆ ಈಗ ಒಲೆಯ ಮುಂದೆ ಕೂತಷ್ಟು ಬಿಸಿ. ಗಾಜುಗಳು ತೊಟ್ಟಿಕ್ಕುತ್ತಿದ್ದವು. ಹೊರಗೆ ಕತ್ತಲಾಗಿತ್ತು, ತೊಳೆದಿಟ್ಟ ಗಾಜಿನಾಚೆ ನೋಡುವುದಕ್ಕೆ ಏನೂ ಇರಲಿಲ್ಲ. "ಆಹಾ," ಎಂದ ಟೋರಾಲ್ಫ್ ಜಾಕೀಟಿನ ಗುಂಡಿ ಬಿಚ್ಚುತ್ತ. "ಲಾರೀಗಿಂತ ಇದೇ ಮೇಲು ಕಣೋ. ಸದ್ದೇ ಇಲ್ಲ. ಒಳ್ಳೆ ಗಾಡಿ ತಗೊಂಡಿದ್ದೀಯ." ಒಂದು ವರ್ಷದಿಂದ ಸ್ವೆರ್ರೆ ಕಾದದ್ದು ಈ ಮಾತಿಗೇ. ಅದು ಬಂದಾಗ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅಣ್ಣನೇ ಈಗ ಹೇಳಲಿ, ಬೆಳಿಗ್ಗೆ ಅರ್ಧಕ್ಕೆ ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳಲಿ ಎಂದು ಕಾದ. ರೇಡಿಯೋ ಆರಿಸಿದ. ನಿಧಾನವಾಗಿ ಓಡಿಸಿದ. ಓಲ್ಡರ್‌ಫ್ಯೋರ್ಡಿನ ತಿರುವು ಬಂತು, ಹೋಯಿತು. ಕೊನೆಗೆ ತಡೆಯಲಾರದೆ, ಆದಷ್ಟು ಸಹಜವಾಗಿ ಕೇಳಿದ:

"ಹೌದು, ಡಾಕ್ಟರು ಏನಂದ್ಲು? ಬೆಳಿಗ್ಗೆ ಏನೋ ಹೇಳ್ತಿದ್ದೆಯಲ್ಲ."

ಟೋರಾಲ್ಫ್ ಮುಖ ತಿರುಗಿಸಿ ಸ್ವಲ್ಪ ಹೊತ್ತು ಅವನನ್ನು ನೋಡಿದ. ನೋಡುತ್ತಿದ್ದಾನೆ ಎಂದು ಸ್ವೆರ್ರೆಗೆ ಈಗ ಗೊತ್ತಿತ್ತು.

"ಅದೇ," ಎಂದ. "ಎಂದಿನ ಹಾಗೇ."

ಕೊಕೆಲ್ವ್ ಬಂತು. ಟೋರಾಲ್ಫನ ಮನೆ ಧಕ್ಕೆಯ ಮೇಲ್ಭಾಗದಲ್ಲಿ, ಬಲೆ ಇಡುವ ಕೊಟ್ಟಿಗೆಗೆ ಅಂಟಿಕೊಂಡೇ ಇದೆ. ದಾರಿ ಕಾಣಲಿ ಎಂದು ಸ್ವೆರ್ರೆ ಗಾಡಿಯ ದೊಡ್ಡ ದೀಪ ಹಾಕಿದ. ಟೋರಾಲ್ಫ್ ತೋಳಿನಿಂದ ಮುಖ ಮುಚ್ಚಿಕೊಂಡು, "ಅದನ್ನ ಆರಿಸೋ, ಚುಚ್ಚತ್ತೆ," ಎಂದು ಕೂಗಿದ. ಆರಿಸಿದ ಮೇಲೆ ಕತ್ತಲಲ್ಲಿ ಸರಾಗವಾಗಿ ನಡೆದು ಹೋದ. ಬಾಗಿಲು ಹಾಕಿಕೊಂಡ ಸದ್ದು. ಕಿಟಕಿಯಲ್ಲಿ ದೀಪ ಹತ್ತೀತು ಎಂದು ಸ್ವೆರ್ರೆ ಕಾದ. ಹತ್ತಲಿಲ್ಲ. ಹಿಂದಕ್ಕೆ ತಿರುಗಿಸಿಕೊಂಡು ಹೋಗಬಹುದಿತ್ತು. ಬೋದಿಲ್ ಮೀನಿನ ಸಾರು ಬಿಸಿಗಿಟ್ಟು ಕಾಯುತ್ತಿರುತ್ತಾಳೆ. ಗಾಡಿ ಆರಿಸಿ ಇಳಿದ.

ಅಡುಗೆಮನೆಯಲ್ಲಿ ಒಲೆಯ ಬಾಗಿಲಿನ ಸಂದಿಯಿಂದ ಬರುವ ಬೆಳಕು ಮಾತ್ರ ಇತ್ತು. ಟೋರಾಲ್ಫ್ ಟೊಪ್ಪಿ ಕೂಡ ತೆಗೆಯದೆ ಮೇಜಿಗೆ ಕೂತಿದ್ದ.

"ಯಾರು?"

"ನಾನು."

"ಇನ್ನೂ ಹೋಗಿಲ್ವಾ?"

"ಅವಳು ಹೇಳಿದ್ಲು, ಟೋರಾಲ್ಫ್. ಆ ಲಾರಿಯವಳು."

"ಹೇಳ್ತಾಳೆ ಅಂತ ಗೊತ್ತಿತ್ತು. ನಾನೇ ಅಂದಿದ್ದೆ, ಹೆಂಗಾದ್ರೂ ಮಾಡಿ ಮಾತಿನ ಮಧ್ಯೆ ಅವನ ಕಿವಿಗೆ ಹಾಕಿಬಿಡು ಅಂತ."

ಸ್ವೆರ್ರೆ ಬಾಗಿಲಿನಿಂದ ಮೇಜಿನ ಕಡೆ ಬಂದ. "ಮತ್ತೆ ಗಾಡೀಲಿ ನಾನು ಕೇಳಿದಾಗ ಎಂದಿನ ಹಾಗೇ ಅಂದೆಯಲ್ಲ."

"ನೀನು ಗೊತ್ತಿದ್ದೂ ಕೇಳಿದೆ," ಎಂದ ಟೋರಾಲ್ಫ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಉತ್ತರ ಕೈಯಲ್ಲಿ ಇಟ್ಕೊಂಡು ಮಕ್ಕಳನ್ನ ಕೇಳ್ತೀಯಲ್ಲ, ಹಂಗೆ ಕೇಳಿದೆ, ಮೇಷ್ಟ್ರೇ."

ಕ್ಷಮಿಸು ಎನ್ನಬೇಕು ಎನಿಸಿತು. ಆದರೆ ಅದರ ಹಿಂದೆಯೇ ಬ್ಯಾಟರಿ, ಗಾಳಿ, ಗೇಟು, ಸರತಿಯಲ್ಲಿ ಹಿಂದಿದ್ದ ಹೆಂಗಸು, ಎಲ್ಲವೂ ಸಾಲಾಗಿ ಬಾಯಿಗೆ ಬಂದು ನಿಂತವು. "ನಾನು ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡೋಣ ಅಂತಲೇ ಇದ್ದೆ, ನೀನು ಫೋನ್ ಮಾಡಿದೆ, ಅದಕ್ಕೆ..." ಎಂದು ಶುರುಮಾಡಿ, ತನ್ನ ಮಾತು ತನಗೇ ಕೇಳಿಸಿ ನಿಲ್ಲಿಸಿದ.

"ಕೂತ್ಕೋ," ಎಂದ ಟೋರಾಲ್ಫ್. "ಒಲೆಗೆ ಎರಡು ಕಟ್ಟಿಗೆ ಹಾಕಿ ಕೂತ್ಕೋ."

ಸ್ವೆರ್ರೆ ಕಟ್ಟಿಗೆ ಹಾಕಿ, ಕುರ್ಚಿಯನ್ನು ಎಳೆದುಕೊಂಡು ಅಣ್ಣನ ಪಕ್ಕಕ್ಕೆ ಬಂದು ಕೂತ. ಇನ್ನು ಕೇಳಿಸಿಕೊಳ್ಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ, ಎಷ್ಟು ಹೊತ್ತಾದರೂ ಸರಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಕಾದ. ಬೆಂಕಿ ಹಿಡಿದುಕೊಂಡಿತು. ಕೊಟ್ಟಿಗೆಯ ತಗಡನ್ನು ಗಾಳಿ ಬಡಿಯುತ್ತಿತ್ತು. ಟೋರಾಲ್ಫ್ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ, ಕೈಗಳನ್ನು ಉಜ್ಜಿಕೊಂಡ, ಒಮ್ಮೆ ಆಕಳಿಸಿದ. ಹೇಳುವುದಕ್ಕೆ ಇದ್ದದ್ದನ್ನೆಲ್ಲ ಅವನು ಬಯಲಿನ ಮೇಲೆ, ಆ ಹೆಂಗಸಿಗೆ, ಹೇಳಿ ಮುಗಿಸಿದ್ದ.